ದೇಹದ ಜ್ಞಾಪಕಶಕ್ತಿ

ನಮ್ಮ ಮನೆಗಳ ಹಿರಿಯರ ತೋಳಿನ ಮೇಲೆ, ಭುಜಕ್ಕೆ ಸ್ವಲ್ಪ ಕೆಳಗೆ, ಕಾಸಿನಗಲದ ಒಂದೆರಡು ಕಲೆಗಳಿರುವುದನ್ನು ನಾವೆಲ್ಲರೂ ನೋಡಿದ್ದೇವೆ. ಅವು ಎಳವೆಯಲ್ಲಿ ದೇವಿ ಹಾಕಿಸಿಕೊಂಡ ಗುರುತುಗಳು. ನಮ್ಮ ವಯಸ್ಸಿನವರ ಮತ್ತು ನಮಗಿಂತ ಕಿರಿಯರ ತೋಳಿನ ಮೇಲೆ ಕ್ಷಯರೋಗದ ಲಸಿಕೆಯ ಕಿರುಗುರುತೊಂದು ಇರಬಹುದೇ ಹೊರತು ಆ ಕಲೆ ಸಾಮಾನ್ಯವಾಗಿ ಇರುವುದಿಲ್ಲ. ಸಿಡುಬೆಂಬ ಬೇನೆಯೇ ಜನರ ನಡುವಿನಿಂದ ಅಳಿದುಹೋದ ಮೇಲೆ ದೇವಿ ಹಾಕುವ ಅಗತ್ಯವೂ ಉಳಿಯಲಿಲ್ಲ. ಆದರೆ ಆ ಸಣ್ಣ ಕಲೆಯ ಹಿಂದೆ ದೊಡ್ಡದೊಂದು ಪ್ರಶ್ನೆ ಅಡಗಿದೆ. ಎಂದೋ ಒಂದು ದಿನ ಚರ್ಮದ ಮೇಲೆ ಎಳೆದ ಗೀರನ್ನು ದೇಹವು ವರ್ಷಗಟ್ಟಲೆ ಮರೆಯದೆ, ಬೇನೆ ಬಂದಾಗ ಅದನ್ನು ಗುರುತು ಹಿಡಿದು ತಡೆಯುವುದು ಹೇಗೆ? ದೇಹಕ್ಕೂ ಜ್ಞಾಪಕಶಕ್ತಿ ಉಂಟೆ? ಉಂಟೆಂಬುದನ್ನು ಮನುಷ್ಯನು ಹೇಗೆ ಕಂಡುಕೊಂಡನು, ಆ ಅರಿವಿನಿಂದ ಏನನ್ನು ಸಾಧಿಸಿದನು ಎಂಬುದನ್ನು ಈ ಹೊತ್ತು ವಿಚಾರಿಸೋಣ.

ಈ ಸಂಗತಿಯನ್ನು ಬಹು ಹಿಂದೆಯೇ ಬರೆದಿಟ್ಟವನು ಗ್ರೀಸಿನ ಇತಿಹಾಸಕಾರ ಥ್ಯುಸಿಡಿಡೀಸನು. ಕ್ರಿ. ಪೂ. 430ರಲ್ಲಿ, ಸ್ಪಾರ್ಟದೊಡನೆ ಯುದ್ಧ ನಡೆಯುತ್ತಿದ್ದಾಗ, ಅಥೆನ್ಸ್ ನಗರವನ್ನು ಘೋರವಾದ ಸಾಂಕ್ರಾಮಿಕವೊಂದು ಹೊಕ್ಕಿತು. ಅವನಿಗೂ ಆ ಬೇನೆ ತಗುಲಿ ವಾಸಿಯಾಯಿತು. ನಂಟರು ನಂಟರ ಬಳಿ ಸುಳಿಯಲು ಹೆದರುತ್ತಿದ್ದ ಆ ಕಾಲದಲ್ಲಿ, ಬೇನೆಯಿಂದ ಎದ್ದವರೇ ರೋಗಿಗಳನ್ನು ಕನಿಕರದಿಂದ ಕಂಡರು. ಒಮ್ಮೆ ಬಂದ ಬೇನೆ ಮತ್ತೊಮ್ಮೆ ಕೊಲ್ಲುವಷ್ಟು ಬಲವಾಗಿ ಯಾರನ್ನೂ ಹಿಡಿಯಲಿಲ್ಲವೆಂದು ಅವನು ಬರೆದಿದ್ದಾನೆ.

ಒಮ್ಮೆ ಬಂದದ್ದು ಮರಳಿ ಬಾರದೆಂದಾದರೆ, ಅದನ್ನು ನಾವೇ ಹಗುರವಾಗಿ ಬರಮಾಡಿಕೊಳ್ಳಬಾರದೇಕೆ? ಈ ಯೋಚನೆ ಮೂಡಿದ್ದು ಏಷ್ಯಾ ಖಂಡದಲ್ಲಿ. ಚೀನದಲ್ಲಿ ಸಿಡುಬಿನ ಹಕ್ಕಳೆಯನ್ನು ಪುಡಿಮಾಡಿ ಮೂಗಿಗೆ ಊದುತ್ತಿದ್ದರು. ಬಂಗಾಳದಲ್ಲಿ ಟೀಕಾದಾರರೆಂಬವರು ಊರೂರು ತಿರುಗಿ ಸಿಡುಬಿನ ಕೀವನ್ನು ತೋಳಿಗೆ ಚುಚ್ಚುತ್ತಿದ್ದರು. ಅವರ ಕ್ರಮವನ್ನು ಹಾಲ್ವೆಲ್ ಎಂಬ ವೈದ್ಯನು 1767ರಲ್ಲಿ ಲಂಡನ್ನಿನ ವೈದ್ಯರಿಗೆ ವಿವರಿಸಿದನು. ಅದಕ್ಕೂ ಮುಂಚೆ, ಸಿಡುಬಿನಿಂದ ತನ್ನ ರೆಪ್ಪೆಗೂದಲನ್ನು ಕಳೆದುಕೊಂಡಿದ್ದ ಲೇಡಿ ಮೇರಿ ಮಾಂಟೆಗ್ಯು ತುರ್ಕಿಯಲ್ಲಿ ಈ ಪದ್ಧತಿಯನ್ನು ಕಂಡು, 1718ರಲ್ಲಿ ಅಲ್ಲಿಯೇ ತನ್ನ ಮಗನಿಗೆ ಮಾಡಿಸಿದಳು. ಆದರೆ ಇದು ಬೆಂಕಿಯೊಡನೆ ಆಟವಾಗಿತ್ತು. ಚುಚ್ಚಿಸಿಕೊಂಡವರಲ್ಲಿ ನೂರಕ್ಕೆ ಒಬ್ಬಿಬ್ಬರು ಸಾಯುತ್ತಿದ್ದರು. ಮಿಕ್ಕವರು ಗುಣವಾಗುವವರೆಗೆ ಬೇನೆಯನ್ನು ಇತರರಿಗೆ ಹರಡಬಲ್ಲವರಾಗಿದ್ದರು. ತಾನಾಗಿ ಬಂದ ಸಿಡುಬು ನೂರಕ್ಕೆ ಇಪ್ಪತ್ತು ಮೂವತ್ತು ಮಂದಿಯನ್ನು ಕೊಂಡೊಯ್ಯುತ್ತಿದ್ದುದರಿಂದಲೇ ಜನ ಈ ಅಪಾಯಕ್ಕೂ ಒಪ್ಪಿದರು.

ಅಪಾಯವಿಲ್ಲದ ದಾರಿಯನ್ನು ತೋರಿಸಿದವನು ಇಂಗ್ಲೆಂಡಿನ ಹಳ್ಳಿಯ ವೈದ್ಯ ಎಡ್ವರ್ಡ್ ಜೆನ್ನರ್. ಹಸುವಿನ ಕೆಚ್ಚಲಿನಿಂದ ಗೋಸಿಡುಬು ಅಂಟಿದ ಗೊಲ್ಲತಿಯರಿಗೆ ಮೈಸಿಡುಬು ಬಾರದೆಂಬುದು ಆ ಸೀಮೆಯ ರೈತರ ನಂಬಿಕೆ. ಜೆನ್ನರನು ಅದನ್ನು ಪರೀಕ್ಷೆಗೆ ಒಡ್ಡಿದನು. 1796ನೆಯ ಮೇ 14ರಂದು ಸಾರಾ ನೆಲ್ಮ್ಸ್ ಎಂಬ ಗೊಲ್ಲತಿಯ ಕೈಗುಳ್ಳೆಯ ರಸವನ್ನು ಜೇಮ್ಸ್ ಫಿಪ್ಸ್ ಎಂಬ ಎಂಟು ವರ್ಷದ ಹುಡುಗನ ತೋಳಿಗೆ ಹಾಕಿದನು. ಜುಲೈ ತಿಂಗಳಲ್ಲಿ ನಿಜವಾದ ಸಿಡುಬಿನ ಕೀವನ್ನೇ ಚುಚ್ಚಿದನು. ಹುಡುಗನಿಗೆ ಏನೂ ಆಗಲಿಲ್ಲ. ಇಂದಿನ ನೀತಿಯು ಇಂಥ ಪ್ರಯೋಗಕ್ಕೆ ಸಮ್ಮತಿಸದು. ಆದರೂ ಅದರ ಫಲವನ್ನು ಲೋಕವೆಲ್ಲ ಉಂಡಿತು.

ಈ ಕಥೆಯಲ್ಲಿ ನಮ್ಮ ಮೈಸೂರಿಗೂ ಒಂದು ಪಾಲುಂಟು. ತಿಂಗಳುಗಟ್ಟಲೆ ಹಿಡಿಯುವ ಪ್ರಯಾಣದ ಬಿಸಿಲಿನಲ್ಲಿ ಲಸಿಕೆಯ ರಸವು ಸತ್ತುಹೋಗುತ್ತಿತ್ತು. ಆದ್ದರಿಂದ ಒಬ್ಬರ ತೋಳಿನಿಂದ ಇನ್ನೊಬ್ಬರ ತೋಳಿಗೆ, ದೀಪದಿಂದ ದೀಪ ಹೊತ್ತಿಸುವಂತೆ, ಅದನ್ನು ದಾಟಿಸಬೇಕಾಗಿತ್ತು. ಬಾಗ್ದಾದು ಬಸ್ರಾಗಳ ಮಾರ್ಗವಾಗಿ ಬಂದ ಆ ರಸವು 1802ನೆಯ ಜೂನ್ 14ರಂದು ಮುಂಬಯಿಯಲ್ಲಿ ಆನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಮಗುವಿನ ತೋಳಿನಲ್ಲಿ ಹತ್ತಿತು. ಅಲ್ಲಿಂದ ದೇಶಕ್ಕೆಲ್ಲ ಹರಡಿತು. ಆದರೆ ಯಾವ ಜಾತಿಯವರ ಮೈಯಿಂದಲೋ ತೆಗೆದ ರಸವನ್ನು ತಮ್ಮ ಮಕ್ಕಳ ಮೈಗೆ ಸೇರಿಸಲು ತಾಯಿತಂದೆಗಳು ಹಿಂಜರಿದದ್ದು ಸಹಜವೇ. ಸಿಡುಬನ್ನು ಅಮ್ಮನೆಂದು ಪೂಜಿಸುತ್ತಿದ್ದ ಜನಕ್ಕೆ ಈ ಹೊಸ ಪದ್ಧತಿಯನ್ನು ಒಪ್ಪಿಸುವುದು ಸುಲಭವಾಗಿರಲಿಲ್ಲ. ಕ್ರೈಸ್ತ ಪಾದ್ರಿ ಅಬ್ಬೆ ದ್ಯುಬುವಾ ಮೈಸೂರು ಸೀಮೆಯಲ್ಲಿ ಇದಕ್ಕಾಗಿ ದುಡಿದನು. ಸುಮಾರು 1805ರಲ್ಲಿ ಥಾಮಸ್ ಹಿಕಿ ಎಂಬ ಚಿತ್ರಗಾರನು ಬರೆದ ಮೂವರು ಸ್ತ್ರೀಯರ ಚಿತ್ರಪಟವೊಂದಿದೆ. ಅದರಲ್ಲಿರುವವರು ಮೈಸೂರಿನ ರಾಜಮನೆತನದವರು. ಸೆರಗನ್ನು ಸರಿಸಿ ತೋಳಿನತ್ತ ಗಮನ ಸೆಳೆಯುತ್ತಿರುವವರು ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿಯವರು. ದೇವಿ ಹಾಕಿಸಿಕೊಂಡದ್ದನ್ನು ಪ್ರಜೆಗಳಿಗೆ ತೋರಿಸುವುದೇ ಚಿತ್ರದ ಉದ್ದೇಶ ಎಂದು ಇತಿಹಾಸಜ್ಞ ನೈಜೆಲ್ ಚಾನ್ಸೆಲರ್ ಅವರು ವಾದಿಸಿದ್ದಾರೆ. ಈ ವಾದ ನಿಜವಾದರೆ, ಶಾಸ್ತ್ರವು ಜನರ ಬಳಿಗೆ ಬರಬೇಕಾದರೆ ಅವರು ನಂಬತಕ್ಕವರ ತೋಳಿನ ಮೇಲೆಯೇ ಬರಬೇಕೆಂಬುದನ್ನು ನಮ್ಮ ಅರಮನೆಯವರು ಇನ್ನೂರು ವರ್ಷಗಳ ಹಿಂದೆಯೇ ಅರಿತಿದ್ದರೆನ್ನಬೇಕು.

ದೇಹದ ಈ ನೆನಪು ಎಷ್ಟು ಕಾಲ ಉಳಿಯುವುದು? ಇದಕ್ಕೆ ಉತ್ತರ ದೊರೆತದ್ದು ದೂರದ ಉತ್ತರಸಮುದ್ರದ ಫೆರೋ ದ್ವೀಪಗಳಲ್ಲಿ. ಅಲ್ಲಿ 1781ರಲ್ಲಿ ದಡಾರ ಬಂದಿತ್ತು. ಆಮೇಲೆ ಅರವತ್ತೈದು ವರ್ಷ ಅದರ ಸುಳಿವೇ ಇರಲಿಲ್ಲ. 1846ರಲ್ಲಿ ಕೋಪನ್‌ಹೇಗನ್ನಿನಿಂದ ಬಂದ ಬಡಗಿಯೊಬ್ಬನ ಜೊತೆಯಲ್ಲಿ ಅದು ಮರಳಿ ಬಂದು, 7,782 ಮಂದಿ ನಿವಾಸಿಗಳಲ್ಲಿ ಆರು ಸಾವಿರಕ್ಕೂ ಹೆಚ್ಚು ಮಂದಿಯನ್ನು ಹಾಸಿಗೆ ಹಿಡಿಸಿತು. ಡೆನ್ಮಾರ್ಕಿನ ಸರ್ಕಾರ ಕಳುಹಿಸಿದ ಪೀಟರ್ ಪಾನುಮ್ ಎಂಬ ತರುಣ ವೈದ್ಯನು ಮನೆಮನೆಗೂ ಹೋಗಿ ವಿಚಾರಿಸಿದನು. 1781ರಲ್ಲಿ ದಡಾರ ಬಂದಿದ್ದ 98 ಮಂದಿ ಮುದುಕರು ಅವನಿಗೆ ಸಿಕ್ಕರು. ಅವರಲ್ಲಿ ಒಬ್ಬರಿಗೂ ಅದು ಮತ್ತೆ ತಗುಲಿರಲಿಲ್ಲ. ಅದೇ ವಯಸ್ಸಿನವರಾಗಿ, ಆಗ ತಪ್ಪಿಸಿಕೊಂಡಿದ್ದವರಿಗೆ ಮಾತ್ರ ಈಗ ತಗುಲಿತು. ಮೊಮ್ಮಕ್ಕಳ ಹೆಸರನ್ನು ಮರೆಯುವ ವಯಸ್ಸಿನಲ್ಲಿಯೂ ಮೈಯು ಬಾಲ್ಯದ ಬೇನೆಯನ್ನು ಮರೆತಿರಲಿಲ್ಲ!

ನೆನಪು ಉಂಟೆಂಬುದು ಹೀಗೆ ಸ್ಥಿರಪಟ್ಟಿತು. ಅದು ಎಲ್ಲಿದೆಯೆಂಬುದು ತಿಳಿಯಬೇಕಾಗಿತ್ತು. ರೋಗಕಾರಕ ಕ್ರಿಮಿಗಳ ಬಲವನ್ನು ಕುಂದಿಸಿ ಅವುಗಳಿಂದಲೇ ಲಸಿಕೆಯನ್ನು ಮಾಡಬಹುದೆಂದು 1880ರ ಸುಮಾರಿಗೆ ಫ್ರಾನ್ಸಿನ ಪಾಸ್ಟರನು ತೋರಿಸಿದನು. 1882ರಲ್ಲಿ ರಷ್ಯದ ಮೆಚ್ನಿಕಾಫನು ಇಟಲಿಯ ಮೆಸ್ಸೀನ ಪಟ್ಟಣದಲ್ಲಿ, ನಕ್ಷತ್ರಮೀನಿನ ಪಾರದರ್ಶಕವಾದ ಮರಿಯ ಮೈಗೆ ಗುಲಾಬಿಯ ಮುಳ್ಳನ್ನು ಚುಚ್ಚಿ, ಆತಂಕದಿಂದ ರಾತ್ರಿಯನ್ನು ಕಳೆದನು. ಬೆಳಗ್ಗೆ ನೋಡುವಾಗ, ಚಲಿಸುವ ಜೀವಕಣಗಳು ಮುಳ್ಳನ್ನು ಮುತ್ತಿಕೊಂಡಿದ್ದುವು. ನಮ್ಮ ರಕ್ತದ ಬಿಳಿಯ ಕಣಗಳೂ ಹೀಗೆಯೇ ಕ್ರಿಮಿಗಳನ್ನು ನುಂಗಿ ನಮ್ಮನ್ನು ಕಾಯುತ್ತವೆಂದು ಅವನು ಸಾರಿದನು. ಬರ್ಲಿನ್ನಿನ ಬೇರಿಂಗನೂ ಜಪಾನಿನ ಕಿಟಸಾಟೊವೂ 1890ರಲ್ಲಿ ಬೇರೊಂದನ್ನು ಕಂಡರು: ಧನುರ್ವಾಯುವನ್ನು ತಡೆಯಬಲ್ಲ ಪ್ರಾಣಿಯ ರಕ್ತದಿಂದ ಕಣಗಳನ್ನೆಲ್ಲ ಬೇರ್ಪಡಿಸಿ, ಉಳಿದ ತಿಳಿರಸವನ್ನು ಮತ್ತೊಂದು ಪ್ರಾಣಿಗೆ ಕೊಟ್ಟರೆ ಅದಕ್ಕೂ ರಕ್ಷಣೆ ಬರುವುದು. ಕಾಯುವುದು ಕಣವೋ, ರಸವೋ? ಎರಡು ಪಕ್ಷದವರು ಬಹುಕಾಲ ಕಾದಾಡಿದರು. ರಸದಲ್ಲಿರುವ ವಸ್ತುಗಳು ಕ್ರಿಮಿಗೆ ಅಂಟಿಕೊಂಡರೆ ಕಣಗಳು ಅದನ್ನು ಸುಲಭವಾಗಿ ನುಂಗುತ್ತವೆಂದು 1903ರಲ್ಲಿ ಆಲ್ಮ್ರಾತ್ ರೈಟನು ತೋರಿಸಿ, ಇಬ್ಬರ ಮಾತೂ ದಿಟವೆಂದನು. 1908ರ ನೊಬೆಲ್ ಬಹುಮಾನವು ಕಣಪಕ್ಷದ ಮೆಚ್ನಿಕಾಫನಿಗೂ ರಸಪಕ್ಷದ ಎರ್ಲಿಕ್ಕನಿಗೂ ಸಮನಾಗಿ ಸಂದಿತು.

ಆದರೆ ಹುಟ್ಟಿದಂದಿನಿಂದ ಕಾಣದ ಕ್ರಿಮಿಯನ್ನು ದೇಹವು ಗುರುತಿಸುವುದು ಹೇಗೆ? ಆಸ್ಟ್ರೇಲಿಯದ ಬರ್ನೆಟ್ 1957ರಲ್ಲಿ ಕೊಟ್ಟ ಉತ್ತರವು ಇಂದು ಸರ್ವಮಾನ್ಯವಾಗಿದೆ. ಲಿಂಫೊಸೈಟ್ ಎಂಬ ಬಿಳಿಯ ಕಣಗಳಲ್ಲಿ ಒಂದೊಂದರ ಮೇಲೆಯೂ ಒಂದೊಂದು ಬಗೆಯ ಬೀಗವುಂಟು. ಕೋಟ್ಯಂತರ ಬೀಗಗಳು ಮೊದಲೇ ಸಿದ್ಧವಾಗಿರುತ್ತವೆ. ಒಳಹೊಕ್ಕ ಕ್ರಿಮಿಯೆಂಬ ಕೀಲಿಕೈ ಯಾವ ಬೀಗಕ್ಕೆ ಹೊಂದುವುದೋ ಆ ಕಣವೊಂದೇ ಎಚ್ಚತ್ತು, ಒಂದೆರಡು ವಾರಗಳಲ್ಲಿ ಸಾವಿರಾರಾಗಿ ವೃದ್ಧಿಯಾಗುವುದು. ಕೆಲವು ಪ್ರತಿಕಾಯಗಳನ್ನು ಸ್ರವಿಸುತ್ತವೆ, ಕೆಲವು ಸೋಂಕಿದ ಕಣಗಳನ್ನು ಕೊಲ್ಲುತ್ತವೆ. ಯುದ್ಧ ಮುಗಿದ ಮೇಲೆ ಹೆಚ್ಚಿನವು ಸಾಯುತ್ತವೆ. ಕೆಲವು ಮಾತ್ರ ಕಾವಲುಗಾರರಂತೆ ವರ್ಷಾನುವರ್ಷ ಉಳಿಯುತ್ತವೆ. ಅವೇ ದೇಹದ ನೆನಪು. ಅದೇ ವೈರಿ ಮತ್ತೆ ಬಂದರೆ ಸೈನ್ಯವು ಬಹುಬೇಗ ಕೂಡುವುದು. ಲಸಿಕೆಯೆಂದರೆ ವೈರಿಯ ಚಿತ್ರವನ್ನು ಮೊದಲೇ ತೋರಿಸಿಡುವುದು, ಅಷ್ಟೆ.

ಈ ನೆನಪಿಗೆ ಎರಡು ಮಿತಿಗಳುಂಟು. ಮೊದಲನೆಯದಾಗಿ, ಅದು ಅಳಿಯಲೂಬಹುದು. ದಡಾರದ ವೈರಸ್ಸು ನೆನಪಿನ ಕಣಗಳನ್ನೇ ಹೊಕ್ಕು ನಾಶಮಾಡುವುದು. ಲಸಿಕೆಯಿಲ್ಲದೆ ದಡಾರ ಬಂದ ಹಾಲೆಂಡಿನ ಮಕ್ಕಳ ರಕ್ತವನ್ನು ಪರೀಕ್ಷಿಸಿದಾಗ, ಬೇರೆ ಬೇನೆಗಳ ವಿರುದ್ಧ ಹಿಂದೆ ಗಳಿಸಿದ್ದ ಪ್ರತಿಕಾಯಗಳಲ್ಲಿ ನೂರಕ್ಕೆ 11ರಿಂದ 73 ಪಾಲು ಅಳಿದಿದ್ದುವೆಂದು 2019ರಲ್ಲಿ ಪ್ರಕಟವಾಯಿತು. ಎರಡನೆಯದಾಗಿ, ಅದು ಪಿತ್ರಾರ್ಜಿತವಲ್ಲ. ತಾಯಿಯು ತನ್ನ ಪ್ರತಿಕಾಯಗಳನ್ನು ಕೂಸಿಗೆ ಕೆಲವು ತಿಂಗಳ ಮಟ್ಟಿಗೆ ಎರವಲು ಕೊಡುವಳು. ಆಮೇಲೆ ಪ್ರತಿಯೊಂದು ಮಗುವೂ ತನ್ನ ಪಾಠವನ್ನು ತಾನೇ ಮೊದಲಿನಿಂದ ಕಲಿಯಬೇಕು. ಅಜ್ಜನ ಮನೆ ಮೊಮ್ಮಗನಿಗೆ ಬರುವುದು; ಅಜ್ಜನ ರೋಗನಿರೋಧ ಬಾರದು.

ಇಪ್ಪತ್ತನೆಯ ಶತಮಾನವೊಂದರಲ್ಲಿಯೇ ಸುಮಾರು ಮೂವತ್ತು ಕೋಟಿ ಜನರನ್ನು ಕೊಂದಿತೆಂದು ಅಂದಾಜು ಮಾಡಲಾದ ಸಿಡುಬು ಭಾರತದಲ್ಲಿ 1975ರಲ್ಲಿಯೂ, 1977ರಲ್ಲಿ ಸೊಮಾಲಿಯದಲ್ಲಿಯೂ ಕೊನೆಗಂಡಿತು. ಅದರ ನಿರ್ಮೂಲವನ್ನು 1980ನೆಯ ಮೇ 8ರಂದು ಸಾರಲಾಯಿತು. ಈ ಜಯವೇ ನಮ್ಮನ್ನು ಮರೆವಿಗೆ ತಳ್ಳುವ ಭಯವುಂಟು. ಬೇನೆಯನ್ನು ಕಣ್ಣಾರೆ ಕಾಣದವರಿಗೆ ಮದ್ದೇ ಅನಗತ್ಯವೆಂದು ತೋರಬಹುದು. ಆದರೆ ದಡಾರ, ಗಂಟಲಮಾರಿ, ನಾಯಿಕೆಮ್ಮುಗಳು ಸಿಡುಬಿನಂತೆ ಅಳಿದಿಲ್ಲ, ಬಾಗಿಲಾಚೆ ಕಾದಿವೆ. ಒಬ್ಬೊಬ್ಬರ ಮೈಯ ನೆನಪು ಅವರೊಡನೆಯೇ ಮುಗಿಯುವುದಾದ್ದರಿಂದ, ಮುಂದಿನವರಿಗಾಗಿ ನೆನಪಿಡುವ ಹೊಣೆ ಸಮಾಜದ್ದು. ಹಿರಿಯರ ತೋಳಿನ ಕಲೆಯನ್ನು ಇನ್ನೊಮ್ಮೆ ಕಂಡಾಗ, ಅದು ಏಕೆ ಬಂತೆಂಬುದನ್ನು ಮನೆಯ ಮಕ್ಕಳಿಗೆ ಹೇಳೋಣ.