ಸೋಪಾ ಮತ್ತು ಪಿಪಾ ಮಸೂದೆಗಳ ವಿರುದ್ಧದ ಪ್ರತಿಭಟನೆಗಳು

ಸೋಪಾ ಮತ್ತು ಪಿಪಾ ಮಸೂದೆಗಳ ವಿರುದ್ಧದ ಪ್ರತಿಭಟನೆಗಳು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ 2011ರ ಕೊನೆಯಲ್ಲಿ ಹಾಗೂ 2012ರ ಜನವರಿಯಲ್ಲಿ ನಡೆದವು. ಅಂತರಜಾಲದ ಮೂಲಕ ಚಲನಚಿತ್ರ, ಸಂಗೀತ ಮೊದಲಾದ ಕೃತಿಗಳನ್ನು ಅನಧಿಕೃತವಾಗಿ ಹಂಚುವ ಪೈರಸಿಯನ್ನು ತಡೆಯುವುದು ಈ ಎರಡು ಮಸೂದೆಗಳ ಉದ್ದೇಶವಾಗಿತ್ತು. ವಿರೋಧಿಸಿದವರಲ್ಲಿ ಹೆಚ್ಚಿನವರು ಪೈರಸಿಯನ್ನು ಸಮರ್ಥಿಸಲಿಲ್ಲ. ಅದನ್ನು ತಡೆಯಲು ಸೂಚಿಸಲಾದ ವಿಧಾನಗಳು ನ್ಯಾಯಬದ್ಧ ಜಾಲತಾಣಗಳಿಗೂ ವಾಕ್ ಸ್ವಾತಂತ್ರ್ಯಕ್ಕೂ ಧಕ್ಕೆ ತರುತ್ತವೆ ಎಂಬುದು ಅವರ ಆಕ್ಷೇಪವಾಗಿತ್ತು. 2012ರ ಜನವರಿ 18ರಂದು ಇಂಗ್ಲಿಷ್ ವಿಕಿಪೀಡಿಯ ಸೇರಿದಂತೆ ಅನೇಕ ಜಾಲತಾಣಗಳು ತಮ್ಮ ಸೇವೆಯನ್ನು ಸ್ಥಗಿತಗೊಳಿಸಿದವು. ಎರಡು ದಿನಗಳ ನಂತರ ಎರಡೂ ಮಸೂದೆಗಳ ಪರಿಶೀಲನೆಯನ್ನು ಮುಂದೂಡಲಾಯಿತು. ಅವು ಕಾಯಿದೆಯಾಗಲಿಲ್ಲ.

ಹಿನ್ನೆಲೆ

ಅಮೆರಿಕದಲ್ಲಿ 1998ರ ಡಿಜಿಟಲ್ ಮಿಲೆನಿಯಂ ಕಾಪಿರೈಟ್ ಆಕ್ಟ್ ಅಂತರಜಾಲದಲ್ಲಿನ ಕೃತಿಸ್ವಾಮ್ಯದ ವಿವಾದಗಳಿಗೆ ಒಂದು ಚೌಕಟ್ಟನ್ನು ಒದಗಿಸಿತ್ತು. ಇದರಂತೆ ಬಳಕೆದಾರರು ಸೇರಿಸಿದ ಕೃತಿಯೊಂದರ ಬಗ್ಗೆ ಹಕ್ಕುದಾರರು ದೂರಿತ್ತರೆ ಜಾಲತಾಣವು ಅದನ್ನು ತೆಗೆದುಹಾಕಬೇಕು. ಹಾಗೆ ಮಾಡಿದ ಜಾಲತಾಣವು ಬಳಕೆದಾರರ ತಪ್ಪಿಗೆ ಹೊಣೆಯಾಗುವುದಿಲ್ಲ. ಆದರೆ ಅಮೆರಿಕದ ಹೊರಗಿನಿಂದ ನಡೆಯುವ ಜಾಲತಾಣಗಳ ಮೇಲೆ ಈ ಕಾಯಿದೆಯನ್ನು ಜಾರಿಗೊಳಿಸುವುದು ಕಷ್ಟವೆಂದು ಚಲನಚಿತ್ರ ಮತ್ತು ಸಂಗೀತ ಉದ್ಯಮಗಳು ದೂರುತ್ತಿದ್ದವು.

ಈ ಕೊರತೆಯನ್ನು ತುಂಬಲು 2010ರಲ್ಲಿ ಸೆನೆಟ್‌ನಲ್ಲಿ ಮಂಡಿಸಲಾದ ಮಸೂದೆಯೊಂದು ಅಂಗೀಕಾರ ಪಡೆಯಲಿಲ್ಲ. ಅದನ್ನೇ ಪರಿಷ್ಕರಿಸಿ ವರ್ಮಾಂಟ್ ರಾಜ್ಯದ ಸೆನೆಟರ್ ಪ್ಯಾಟ್ರಿಕ್ ಲೇಹಿ 2011ರ ಮೇ 12ರಂದು ಪ್ರೊಟೆಕ್ಟ್ ಐಪಿ ಆಕ್ಟ್ ಎಂಬ ಮಸೂದೆಯನ್ನು ಮಂಡಿಸಿದರು. ಇದೇ ಪಿಪಾ. ಟೆಕ್ಸಾಸ್ ರಾಜ್ಯದ ಲಾಮಾರ್ ಸ್ಮಿತ್ ಪ್ರತಿನಿಧಿ ಸಭೆಯ ನ್ಯಾಯಾಂಗ ಸಮಿತಿಯ ಅಧ್ಯಕ್ಷರಾಗಿದ್ದರು. ಅವರು 2011ರ ಅಕ್ಟೋಬರ್ 26ರಂದು ಸ್ಟಾಪ್ ಆನ್‌ಲೈನ್ ಪೈರಸಿ ಆಕ್ಟ್ ಅಥವಾ ಸೋಪಾ ಮಸೂದೆಯನ್ನು ಪ್ರತಿನಿಧಿ ಸಭೆಯಲ್ಲಿ ಮಂಡಿಸಿದರು. ಲೇಹಿ ಡೆಮಾಕ್ರಟಿಕ್ ಪಕ್ಷದವರು, ಸ್ಮಿತ್ ರಿಪಬ್ಲಿಕನ್ ಪಕ್ಷದವರು. ಎರಡೂ ಮಸೂದೆಗಳಿಗೆ ಎರಡೂ ಪಕ್ಷಗಳ ಸದಸ್ಯರ ಬೆಂಬಲವಿತ್ತು.

ಮಸೂದೆಗಳ ಮುಖ್ಯ ಅಂಶಗಳು

ಮೂಲ ಕರಡಿನಂತೆ, ಕೃತಿಸ್ವಾಮ್ಯ ಉಲ್ಲಂಘನೆಗೆ ಮೀಸಲಾದದ್ದೆಂದು ಆರೋಪಿಸಲಾದ ವಿದೇಶಿ ಜಾಲತಾಣದ ವಿರುದ್ಧ ಅಮೆರಿಕದ ಅಟಾರ್ನಿ ಜನರಲ್ ನ್ಯಾಯಾಲಯದಿಂದ ಆದೇಶ ಪಡೆಯಬಹುದಾಗಿತ್ತು. ಆದೇಶ ದೊರೆತರೆ ಈ ಕೆಳಗಿನ ಕ್ರಮಗಳಿಗೆ ಅವಕಾಶವಿತ್ತು:

• ಅಂತರಜಾಲ ಸೇವಾ ಸಂಸ್ಥೆಗಳು ಆ ಜಾಲತಾಣದ ಡೊಮೇನ್ ಹೆಸರನ್ನು ತಡೆಹಿಡಿಯುವುದು.
• ಹುಡುಕುತಾಣಗಳು ಅದರ ಕೊಂಡಿಗಳನ್ನು ತೋರಿಸದಿರುವುದು.
• ಹಣ ಪಾವತಿ ಸಂಸ್ಥೆಗಳು ಮತ್ತು ಜಾಹೀರಾತು ಜಾಲಗಳು ಅದರೊಂದಿಗಿನ ವ್ಯವಹಾರವನ್ನು ನಿಲ್ಲಿಸುವುದು.

ಇದಲ್ಲದೆ ಖಾಸಗಿ ಹಕ್ಕುದಾರರೂ ಪಾವತಿ ಮತ್ತು ಜಾಹೀರಾತು ಸಂಸ್ಥೆಗಳ ಮೂಲಕ ಕ್ರಮ ಕೈಗೊಳ್ಳಲು ಸೋಪಾ ಅವಕಾಶ ನೀಡುತ್ತಿತ್ತು.

ಪರ ಮತ್ತು ವಿರೋಧ ವಾದಗಳು

ಅಮೆರಿಕದ ಚಲನಚಿತ್ರ ಉದ್ಯಮದ ಸಂಘ, ಧ್ವನಿಮುದ್ರಣ ಉದ್ಯಮದ ಸಂಘ ಹಾಗೂ ವಾಣಿಜ್ಯ ಮಂಡಳಿ ಮಸೂದೆಗಳನ್ನು ಬೆಂಬಲಿಸಿದವು. ಪೈರಸಿಯಿಂದ ನಿರ್ಮಾಪಕರ ಆದಾಯ ಮಾತ್ರವಲ್ಲದೆ ಉದ್ಯಮವನ್ನು ನಂಬಿದ ಕಲಾವಿದರು, ತಂತ್ರಜ್ಞರು ಮತ್ತು ಕಾರ್ಮಿಕರ ಜೀವನೋಪಾಯವೂ ನಷ್ಟವಾಗುತ್ತದೆ, ವಿದೇಶದಲ್ಲಿ ಕುಳಿತವರನ್ನು ತಲುಪಲು ಅವರ ಹಣದ ಮೂಲವನ್ನು ಕಡಿಯುವುದೇ ದಾರಿ ಎಂಬುದು ಅವರ ವಾದವಾಗಿತ್ತು.

ವಿರೋಧಿಗಳ ವಾದಗಳಲ್ಲಿ ಮುಖ್ಯವಾದವು ಮೂರು. ಮೊದಲನೆಯದು ವಾಕ್ ಸ್ವಾತಂತ್ರ್ಯಕ್ಕೆ ಸಂಬಂಧಿಸಿದ್ದು. ಕೆಲವು ಪುಟಗಳಲ್ಲಿನ ಉಲ್ಲಂಘನೆಗಾಗಿ ಇಡೀ ಜಾಲತಾಣವನ್ನೇ ತಡೆದರೆ ಅದರಲ್ಲಿನ ನ್ಯಾಯಬದ್ಧ ಬರಹಗಳೂ ಓದುಗರಿಗೆ ದೊರೆಯದಾಗುತ್ತವೆ. ಎರಡನೆಯದು ಹೊಣೆಗಾರಿಕೆಯ ಪ್ರಶ್ನೆ. ಬಳಕೆದಾರರು ಸೇರಿಸುವ ಪ್ರತಿಯೊಂದನ್ನೂ ಪರಿಶೀಲಿಸಬೇಕಾದ ಭಾರ ಜಾಲತಾಣಗಳ ಮೇಲೆ ಬಿದ್ದರೆ ಸಣ್ಣ ಮತ್ತು ಹೊಸ ಸಂಸ್ಥೆಗಳು ಉಳಿಯಲಾರವು. ಮೂರನೆಯದು ತಾಂತ್ರಿಕ ಆಕ್ಷೇಪ. ಡೊಮೇನ್ ಹೆಸರಿನ ವ್ಯವಸ್ಥೆಯು ಅಂತರಜಾಲದ ವಿಳಾಸ ಪುಸ್ತಕವಿದ್ದಂತೆ. ಸೇವಾ ಸಂಸ್ಥೆಗಳು ಕೇಳಿದ ವಿಳಾಸವನ್ನು ಬಿಟ್ಟು ಬೇರೆ ಉತ್ತರ ನೀಡುವಂತಾದರೆ, ಉತ್ತರಗಳ ಸಾಚಾತನವನ್ನು ಖಚಿತಪಡಿಸಲು ರೂಪಿಸಲಾದ ಭದ್ರತಾ ಕ್ರಮವೇ ದುರ್ಬಲವಾಗುತ್ತದೆ. 2011ರ ಡಿಸೆಂಬರ್‌ನಲ್ಲಿ ಅಂತರಜಾಲದ ನಿರ್ಮಾಣದಲ್ಲಿ ಪಾತ್ರ ವಹಿಸಿದ್ದ 83 ತಂತ್ರಜ್ಞರು ಶಾಸನಸಭೆಗೆ ಬಹಿರಂಗ ಪತ್ರ ಬರೆದು ಮಸೂದೆಗಳನ್ನು ವಿರೋಧಿಸಿದರು. ಸಹಿ ಹಾಕಿದವರಲ್ಲಿ ವಿಂಟ್ ಸರ್ಫ್ ಕೂಡ ಇದ್ದರು.

ಪ್ರತಿಭಟನೆಯ ಬೆಳವಣಿಗೆ

2011ರ ನವೆಂಬರ್ 16ರಂದು ನ್ಯಾಯಾಂಗ ಸಮಿತಿಯು ಸೋಪಾ ಕುರಿತು ವಿಚಾರಣೆ ನಡೆಸಿತು. ಅದೇ ದಿನವನ್ನು ವಿರೋಧಿಗಳು ಅಮೆರಿಕದ ಸೆನ್ಸಾರ್ ದಿನವೆಂದು ಕರೆದು ಆಚರಿಸಿದರು. ಟಂಬ್ಲರ್, ಮೊಜಿಲ್ಲಾ ಮೊದಲಾದವು ತಮ್ಮ ಬಳಕೆದಾರರಿಗೆ ಜನಪ್ರತಿನಿಧಿಗಳನ್ನು ಸಂಪರ್ಕಿಸುವಂತೆ ಕರೆ ನೀಡಿದವು. ಡಿಸೆಂಬರ್‌ನಲ್ಲಿ ಡೊಮೇನ್ ಹೆಸರುಗಳ ನೋಂದಣಿ ಸಂಸ್ಥೆಯಾದ ಗೋಡ್ಯಾಡಿ ಸೋಪಾವನ್ನು ಬೆಂಬಲಿಸುತ್ತಿರುವುದನ್ನು ಖಂಡಿಸಿ ಗ್ರಾಹಕರು ಬಹಿಷ್ಕಾರ ಆರಂಭಿಸಿದರು. ಸಂಸ್ಥೆಯು ಡಿಸೆಂಬರ್ 23ರಂದು ತನ್ನ ಬೆಂಬಲವನ್ನು ಹಿಂಪಡೆಯಿತು.

2012ರ ಜನವರಿ ಎರಡನೆಯ ವಾರದಲ್ಲಿ ಲೇಹಿ ಮತ್ತು ಸ್ಮಿತ್ ಇಬ್ಬರೂ ಡೊಮೇನ್ ತಡೆಗೆ ಸಂಬಂಧಿಸಿದ ಅಂಶಗಳಿಂದ ಹಿಂದೆ ಸರಿಯುವ ಸೂಚನೆ ನೀಡಿದರು. ಜನವರಿ 14ರಂದು ಶ್ವೇತಭವನವು ಸಾರ್ವಜನಿಕ ಮನವಿಗೆ ಉತ್ತರಿಸುತ್ತ, ಪೈರಸಿಯ ವಿರುದ್ಧ ಕ್ರಮ ಅಗತ್ಯವೆಂದು ಒಪ್ಪಿದರೂ ವಾಕ್ ಸ್ವಾತಂತ್ರ್ಯವನ್ನು ಕುಗ್ಗಿಸುವ ಅಥವಾ ಅಂತರಜಾಲದ ಭದ್ರತೆಗೆ ಅಪಾಯ ತರುವ ಮಸೂದೆಯನ್ನು ಬೆಂಬಲಿಸುವುದಿಲ್ಲವೆಂದು ತಿಳಿಸಿತು.

2012ರ ಜನವರಿ 18

ಇಂಗ್ಲಿಷ್ ವಿಕಿಪೀಡಿಯದ 1,800ಕ್ಕೂ ಹೆಚ್ಚು ಬಳಕೆದಾರರು ಪಾಲ್ಗೊಂಡ ಚರ್ಚೆಯ ನಂತರ ಆ ವಿಶ್ವಕೋಶವನ್ನು 24 ಗಂಟೆಗಳ ಕಾಲ ಮುಚ್ಚಲು ತೀರ್ಮಾನಿಸಲಾಯಿತು. ಲೇಖನಗಳ ಬದಲು ಕಪ್ಪು ಪುಟವೊಂದನ್ನು ತೋರಿಸಲಾಯಿತು. ಅಮೆರಿಕದ ಓದುಗರು ಅಂಚೆ ಸಂಕೇತವನ್ನು ನಮೂದಿಸಿ ತಮ್ಮ ಜನಪ್ರತಿನಿಧಿಯ ಸಂಪರ್ಕ ವಿವರ ಪಡೆಯಬಹುದಾಗಿತ್ತು. ವಿಕಿಮೀಡಿಯ ಪ್ರತಿಷ್ಠಾನದ ಪ್ರಕಾರ ಆ ಪುಟವನ್ನು 16.2 ಕೋಟಿ ಬಾರಿ ವೀಕ್ಷಿಸಲಾಯಿತು. 80 ಲಕ್ಷ ಓದುಗರು ಜನಪ್ರತಿನಿಧಿಗಳ ವಿವರ ಹುಡುಕಿದರು. ರೆಡಿಟ್ 12 ಗಂಟೆಗಳ ಕಾಲ ಮುಚ್ಚಿತ್ತು. ಗೂಗಲ್ ತನ್ನ ಲಾಂಛನದ ಮೇಲೆ ಕಪ್ಪು ಪಟ್ಟಿ ಹಾಕಿ ಮನವಿಗೆ ಸಹಿ ಸಂಗ್ರಹಿಸಿತು. ನ್ಯೂಯಾರ್ಕ್, ಸ್ಯಾನ್ ಫ್ರಾನ್ಸಿಸ್ಕೊ ನಗರಗಳಲ್ಲಿ ಜನರು ಬೀದಿಗಿಳಿದರು. ಪಿಪಾದ ಸಹ ಪ್ರಾಯೋಜಕರಾಗಿದ್ದ ಮಾರ್ಕೊ ರೂಬಿಯೊ, ರಾಯ್ ಬ್ಲಂಟ್ ಮೊದಲಾದ ಸೆನೆಟರ್‌ಗಳು ಬೆಂಬಲ ಹಿಂತೆಗೆದುಕೊಂಡರು.

ಚಲನಚಿತ್ರ ಉದ್ಯಮದ ಸಂಘದ ಮುಖ್ಯಸ್ಥ ಕ್ರಿಸ್ ಡಾಡ್, ಮಾಹಿತಿಯ ಹೆಬ್ಬಾಗಿಲಿನಲ್ಲಿರುವ ಸಂಸ್ಥೆಗಳು ತಮ್ಮ ಅಧಿಕಾರವನ್ನು ದುರುಪಯೋಗಪಡಿಸಿಕೊಂಡಿವೆ ಎಂದು ಟೀಕಿಸಿದರು. ತಟಸ್ಥವಾಗಿರಬೇಕಾದ ವಿಶ್ವಕೋಶವು ರಾಜಕೀಯ ನಿಲುವು ತಳೆಯಬಹುದೇ ಎಂಬ ಪ್ರಶ್ನೆ ವಿಕಿಪೀಡಿಯದ ಸಂಪಾದಕರಲ್ಲೂ ಚರ್ಚೆಗೆ ಬಂದಿತ್ತು.

ಪರಿಣಾಮಗಳು

ಸೆನೆಟ್‌ನ ಬಹುಮತ ಪಕ್ಷದ ನಾಯಕ ಹ್ಯಾರಿ ರೀಡ್ ಜನವರಿ 24ಕ್ಕೆ ನಿಗದಿಯಾಗಿದ್ದ ಪಿಪಾ ಮತದಾನವನ್ನು ಜನವರಿ 20ರಂದು ಮುಂದೂಡಿದರು. ಅದೇ ದಿನ ಸ್ಮಿತ್ ಸೋಪಾ ಪರಿಶೀಲನೆಯನ್ನು ಮುಂದೂಡಿದರು. ಇದಕ್ಕೆ ಒಂದು ದಿನ ಮೊದಲು, ಜನವರಿ 19ರಂದು, ಅಮೆರಿಕದ ನ್ಯಾಯ ಇಲಾಖೆಯು ಮೆಗಾಅಪ್‌ಲೋಡ್ ಜಾಲತಾಣವನ್ನು ಮುಚ್ಚಿಸಿತ್ತು. ಅದರ ಸ್ಥಾಪಕನನ್ನು ನ್ಯೂಜಿಲೆಂಡ್‌ನಲ್ಲಿ ಬಂಧಿಸಲಾಯಿತು. ಈ ಕ್ರಮವನ್ನು ಆಗಲೇ ಇದ್ದ ಕಾನೂನಿನಡಿಯಲ್ಲೇ ಕೈಗೊಳ್ಳಲಾಗಿತ್ತು.

ಯುರೋಪಿನಲ್ಲಿ ನಕಲಿ ಸರಕು ಮತ್ತು ಪೈರಸಿ ತಡೆಯ ಅಂತರರಾಷ್ಟ್ರೀಯ ಒಪ್ಪಂದವಾದ ಆಕ್ಟಾದ ವಿರುದ್ಧ ಪೋಲೆಂಡ್ ಮತ್ತಿತರ ದೇಶಗಳಲ್ಲಿ ಪ್ರತಿಭಟನೆಗಳು ನಡೆದವು. 2012ರ ಜುಲೈ 4ರಂದು ಯುರೋಪಿಯನ್ ಸಂಸತ್ತು 39ರ ವಿರುದ್ಧ 478 ಮತಗಳಿಂದ ಅದನ್ನು ತಿರಸ್ಕರಿಸಿತು.

ಭಾರತದಲ್ಲಿ ಇಂತಹ ವಿವಾದ

ಇಡೀ ಜಾಲತಾಣವನ್ನು ತಡೆಯುವ ಪ್ರಶ್ನೆ ಅದೇ ವರ್ಷ ಭಾರತದಲ್ಲೂ ಎದ್ದಿತು. ತಮಿಳಿನ ‘3’ ಚಲನಚಿತ್ರದ ಪೈರಸಿಯನ್ನು ತಡೆಯಲು ಮದ್ರಾಸ್ ಹೈಕೋರ್ಟಿನಿಂದ ಪಡೆದ ಆದೇಶವನ್ನು ಅನುಸರಿಸಿ ಅಂತರಜಾಲ ಸೇವಾ ಸಂಸ್ಥೆಗಳು ವಿಮಿಯೊ ಮೊದಲಾದ ಜಾಲತಾಣಗಳನ್ನು ಪೂರ್ತಿಯಾಗಿ ತಡೆದವು. ಇದನ್ನು ವಿರೋಧಿಸಿ 2012ರ ಜೂನ್ 9ರಂದು ಬೆಂಗಳೂರು, ಮುಂಬಯಿ ಮೊದಲಾದ ನಗರಗಳಲ್ಲಿ ಪ್ರತಿಭಟನೆಗಳು ನಡೆದವು. ಅದೇ ತಿಂಗಳಲ್ಲಿ ನ್ಯಾಯಾಲಯವು, ತಡೆಯು ಉಲ್ಲಂಘನೆ ನಡೆದ ನಿರ್ದಿಷ್ಟ ಪುಟಗಳಿಗೆ ಮಾತ್ರ ಅನ್ವಯಿಸುತ್ತದೆ, ಇಡೀ ಜಾಲತಾಣಕ್ಕೆ ಅಲ್ಲವೆಂದು ಸ್ಪಷ್ಟಪಡಿಸಿತು.