ಸ್ವಲೀನತೆಯುಳ್ಳ ಮಕ್ಕಳಲ್ಲಿ ನೋವಿನ ಅನುಭವ

ಸ್ವಲೀನತೆ ಅಥವಾ ಆಟಿಸಂ ಎಂಬುದು ಸಂವಹನ, ಸಾಮಾಜಿಕ ವರ್ತನೆ ಹಾಗೂ ಇಂದ್ರಿಯಗ್ರಹಣದ ಮೇಲೆ ಪರಿಣಾಮ ಬೀರುವ, ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ ಸ್ಥಿತಿಯಾಗಿದೆ. ಸ್ವಲೀನತೆಯುಳ್ಳ ಮಕ್ಕಳಿಗೆ ನೋವಿನ ಅರಿವು ಕಡಿಮೆ ಎಂಬ ಅಭಿಪ್ರಾಯ ಬಹುಕಾಲ ಪ್ರಚಲಿತವಾಗಿತ್ತು. ಅವರಿಗೂ ನೋವಾಗುತ್ತದೆ, ಅದನ್ನು ಹೊರಗೆಡಹುವ ರೀತಿ ಮಾತ್ರ ಭಿನ್ನವಾಗಿರಬಹುದು ಎಂಬುದನ್ನು ಅನಂತರದ ಸಂಶೋಧನೆಗಳು ತೋರಿಸಿವೆ.

ಹಿನ್ನೆಲೆ

ಬಿದ್ದು ಪೆಟ್ಟಾದರೂ ಅಳದಿರುವುದು, ಗಾಯವನ್ನು ಯಾರಿಗೂ ತೋರಿಸದಿರುವುದು ಮುಂತಾದ ವರ್ತನೆಗಳಿಂದ ಈ ಅಭಿಪ್ರಾಯ ಮೂಡಿತು. ಅಮೆರಿಕದ ಮನೋವೈದ್ಯರ ಸಂಘವು 2013ರಲ್ಲಿ ಪ್ರಕಟಿಸಿದ ರೋಗನಿರ್ಣಯ ಕೈಪಿಡಿಯ ಐದನೆಯ ಆವೃತ್ತಿಯು, ನೋವು ಮತ್ತು ತಾಪದ ಬಗ್ಗೆ ಮೇಲ್ನೋಟಕ್ಕೆ ಕಾಣುವ ಉದಾಸೀನತೆಯನ್ನು ಸ್ವಲೀನತೆಯ ಇಂದ್ರಿಯಸಂಬಂಧಿ ಲಕ್ಷಣಗಳಿಗೆ ಉದಾಹರಣೆಯಾಗಿ ನೀಡಿದೆ. ಇಲ್ಲಿ ‘ಮೇಲ್ನೋಟಕ್ಕೆ’ ಎಂಬ ಮಾತು ಗಮನಾರ್ಹ.

ಸಂಶೋಧನೆಗಳು

2004ರಲ್ಲಿ ಪ್ರಕಟವಾದ ಕೆನಡಾದ ಅಧ್ಯಯನವೊಂದರಲ್ಲಿ, ರಕ್ತ ತೆಗೆಯುವಾಗ ಸ್ವಲೀನತೆಯುಳ್ಳ ಮಕ್ಕಳ ಮುಖದಲ್ಲಿ ನೋವಿನ ಚಿಹ್ನೆಗಳು ಸ್ಪಷ್ಟವಾಗಿ ಕಂಡುಬಂದವು. ಆದರೆ ಹೆತ್ತವರ ಅಂದಾಜಿಗೂ ಮಕ್ಕಳ ಮುಖಭಾವಕ್ಕೂ ಹೊಂದಾಣಿಕೆ ಇರಲಿಲ್ಲ. ಸಿಲ್ವಿ ತೋರ್ಜ್‌ಮನ್ ಮತ್ತು ಸಂಗಡಿಗರು ಫ್ರಾನ್ಸಿನಲ್ಲಿ ನಡೆಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸ್ವಲೀನತೆಯುಳ್ಳ ಮಕ್ಕಳ ಹೊರ ವರ್ತನೆಯಲ್ಲಿ ಪ್ರತಿಕ್ರಿಯೆ ಕಡಿಮೆಯಿದ್ದರೂ ಹೃದಯ ಬಡಿತ ಹೆಚ್ಚಿತ್ತು. ರಕ್ತದಲ್ಲಿನ ಬೀಟಾ-ಎಂಡಾರ್ಫಿನ್ ಪ್ರಮಾಣವೂ ಅಧಿಕವಾಗಿತ್ತು. ಅಂದರೆ ಮಗು ಸುಮ್ಮನಿದ್ದಾಗಲೂ ದೇಹವು ಒತ್ತಡಕ್ಕೆ ಒಳಗಾಗಿತ್ತು.

ಅಭಿವ್ಯಕ್ತಿಯ ವಿಧಗಳು

ಮಾತು ಬಾರದ ಮಗು ನೋವಿನ ಜಾಗವನ್ನು ಹೇಳಲಾರದು. ಮಾತು ಬರುವ ಮಕ್ಕಳಲ್ಲಿಯೂ ಕೆಲವರಿಗೆ ದೇಹದೊಳಗಿನ ಸಂವೇದನೆಯನ್ನು ಗುರುತಿಸಿ ಹೆಸರಿಸುವುದು ಕಷ್ಟ. ಇಂಥವರಲ್ಲಿ ನೋವು ಈ ಕೆಳಗಿನ ರೂಪಗಳಲ್ಲಿ ಪ್ರಕಟವಾಗಬಹುದು:

• ತಲೆ ಚಚ್ಚಿಕೊಳ್ಳುವುದು, ಕೈ ಕಚ್ಚಿಕೊಳ್ಳುವುದು
• ನಿದ್ರೆ ಅಥವಾ ಊಟದಲ್ಲಿ ಏಕಾಏಕಿ ಬದಲಾವಣೆ
• ಇದ್ದಕ್ಕಿದ್ದಂತೆ ಸಿಡುಕುವುದು ಅಥವಾ ತೀರಾ ಮೌನವಾಗುವುದು
• ಒಂದೇ ಚಲನೆಯನ್ನು ಎಂದಿಗಿಂತ ಹೆಚ್ಚಾಗಿ ಪುನರಾವರ್ತಿಸುವುದು

ಕೆಲವು ಮಕ್ಕಳು ಇದಕ್ಕೆ ವ್ಯತಿರಿಕ್ತವಾಗಿ, ಹಗುರವಾದ ಸ್ಪರ್ಶ, ಉಗುರು ಕತ್ತರಿಸುವುದು ಅಥವಾ ತಲೆ ಬಾಚುವುದನ್ನೂ ತೀವ್ರ ಯಾತನೆಯಾಗಿ ಅನುಭವಿಸುತ್ತಾರೆ.

ಗುರುತಿಸುವಿಕೆ

ಇಂಥ ವರ್ತನೆಗಳನ್ನು ಸ್ವಲೀನತೆಯ ಭಾಗವೆಂದೇ ಭಾವಿಸಿದರೆ ಹಲ್ಲುನೋವು, ಕಿವಿಯ ಸೋಂಕು, ಮಲಬದ್ಧತೆಯಂತಹ ಚಿಕಿತ್ಸೆಗೆ ಬಗ್ಗುವ ತೊಂದರೆಗಳು ಗಮನಕ್ಕೆ ಬಾರದೆ ಉಳಿಯುತ್ತವೆ. ಆದ್ದರಿಂದ ವರ್ತನೆ ಹಠಾತ್ತನೆ ಬದಲಾದಾಗ ಮೊದಲು ದೈಹಿಕ ತಪಾಸಣೆ ಅಗತ್ಯ. ಮಾತನಾಡದ ಮಕ್ಕಳ ನೋವನ್ನು ಅಳೆಯಲು ಧ್ವನಿ, ಮುಖಭಾವ, ಚಲನವಲನ, ಊಟ ಹಾಗೂ ನಿದ್ರೆಯನ್ನು ಗಮನಿಸುವ ಪರಿಶೀಲನಾ ಪಟ್ಟಿಗಳು ಬಳಕೆಯಲ್ಲಿವೆ. ಚಿತ್ರಫಲಕಗಳೂ ಕೆಲವರಿಗೆ ನೆರವಾಗುತ್ತವೆ. ಮಗುವಿನ ಎಂದಿನ ನಡವಳಿಕೆಯನ್ನು ಬಲ್ಲ ಹೆತ್ತವರು ಮತ್ತು ಶಿಕ್ಷಕರ ಮಾಹಿತಿ ವೈದ್ಯರಿಗೆ ಮುಖ್ಯವಾದುದು. ಆದರೆ ಅದೊಂದನ್ನೇ ಆಧರಿಸುವುದು ಸಾಲದು.

ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘವು 2020ರಲ್ಲಿ ಪರಿಷ್ಕರಿಸಿದ ವ್ಯಾಖ್ಯೆಯ ಟಿಪ್ಪಣಿಗಳ ಪ್ರಕಾರ, ಮಾತು ನೋವನ್ನು ವ್ಯಕ್ತಪಡಿಸುವ ಹಲವು ಬಗೆಗಳಲ್ಲಿ ಒಂದು ಮಾತ್ರ. ಹೇಳಲಾಗದಿರುವುದು ನೋವಿಲ್ಲ ಎಂಬುದಕ್ಕೆ ಆಧಾರವಾಗದು.