ತಾಯಿ ಮಗನ ನಾಣ್ಯ

ಹಿಂದಿನ ಬೆಳ್ಳಿಯ ಪಾವಲಿಯನ್ನು ನೀವು ಕಂಡಿದ್ದರೆ, ನಾನಿಲ್ಲಿ ಹೇಳಹೊರಟಿರುವ ನಾಣ್ಯದ ಗಾತ್ರ ಸುಲಭವಾಗಿ ಗೊತ್ತಾದೀತು. ತೂಕ ಸುಮಾರು 3.5 ಗ್ರಾಂ. ಗ್ರೀಕರು ಇದನ್ನು 'ದ್ರಾಖ್ಮ' ಎಂದು ಕರೆದರು. ನಮ್ಮ ಹಳೆಯ ಶಾಸನಗಳಲ್ಲಿ ಬರುವ 'ದ್ರಮ್ಮ' ಎಂಬ ಮಾತಿನ ಮೂಲವೂ ಅದೇ. ಇದನ್ನು ಅಚ್ಚುಹಾಕಿಸಿದವನು ಇರಾನನ್ನೂ ಟೈಗ್ರಿಸ್ ನದಿಯ ಬಯಲನ್ನೂ ಆಳಿದ ಪಾರ್ಥಿಯದ ಅರಸ ಐದನೆಯ ಫ್ರಾತೇಸ್. ಫ್ರಾತಾಕೇಸ್, ಎಂದರೆ ಪುಟ್ಟ ಫ್ರಾತೇಸ್, ಎಂಬ ಹೆಸರೇ ಅವನಿಗೆ ಉಳಿದುಬಂದಿದೆ.

ಮುಂಬದಿಯಲ್ಲಿ ಚೂಪುಗಡ್ಡದ ಅರಸನ ಮುಖ. ಪುಟ್ಟ ವಿಜಯದೇವತೆಗಳಿಬ್ಬರು ಹಾರಿಬಂದು ಅವನಿಗೆ ಮಾಲೆ ತೊಡಿಸುತ್ತಿದ್ದಾರೆ. ನಾಣ್ಯವನ್ನು ಮಗುಚಿ ನೋಡಿ. ಪಾರ್ಥಿಯದ ದ್ರಾಖ್ಮಗಳ ಹಿಂಬದಿಯಲ್ಲಿ ಬಿಲ್ಲು ಹಿಡಿದು ಕುಳಿತ ವೀರನಿರುವುದು ತಲೆಮಾರುಗಳಿಂದ ಬಂದ ಪದ್ಧತಿ. ಇಲ್ಲಿ ಅವನಿಲ್ಲ. ಅವನ ಜಾಗದಲ್ಲಿ ರತ್ನ ಕೂರಿಸಿದ ಎತ್ತರದ ಕಿರೀಟ ತೊಟ್ಟ ಹೆಂಗಸೊಬ್ಬಳಿದ್ದಾಳೆ. ಸುತ್ತಲೂ ಗ್ರೀಕ್ ಅಕ್ಷರಗಳಲ್ಲಿ 'ಸ್ವರ್ಗದ ದೇವಿ ಮೂಸಾ ರಾಣಿ' ಎಂಬ ಬರೆಹ. ಇವಳು ಅರಸನ ತಾಯಿ. ಪಾರ್ಥಿಯದ ಅರಸರ ನಾಣ್ಯಗಳ ಮೇಲೆ ಹೆಸರು ಬರೆಸಿಕೊಂಡ ರಾಣಿ ಇವಳೊಬ್ಬಳೇ.

ಈ ದೇವಿ ಮೊದಲು ದಾಸಿಯಾಗಿದ್ದವಳು. ಕ್ರಿ. ಪೂ. 53ರಲ್ಲಿ ಕರ‍್ಹೆಯ ಕಾಳಗದಲ್ಲಿ ರೋಮಿನ ಕ್ರಾಸಸ್ ಕಳೆದುಕೊಂಡಿದ್ದ ಸೇನಾಧ್ವಜಗಳನ್ನು ನಾಲ್ಕನೆಯ ಫ್ರಾತೇಸ್ ಕ್ರಿ. ಪೂ. 20ರಲ್ಲಿ ಅಗಸ್ಟಸನಿಗೆ ಹಿಂದಿರುಗಿಸಿದನು. ಅಗಸ್ಟಸನು ಅವನಿಗೆ ಕಳುಹಿಸಿದ ಕಾಣಿಕೆಗಳಲ್ಲಿ ಇಟಲಿಯ ಈ ಹುಡುಗಿಯೂ ಒಬ್ಬಳೆಂದು ಜೊಸೀಫಸ್ ಬರೆದಿದ್ದಾನೆ. ಅರಸ ಅವಳಿಗೆ ಮನಸೋತನು. ಮಗ ಹುಟ್ಟಿದ ಮೇಲೆ ಅವಳನ್ನು ರಾಣಿಯನ್ನಾಗಿ ಮಾಡಿಕೊಂಡನು. ಅವಳು ಗಂಡನನ್ನು ಒಪ್ಪಿಸಿ ಅವನ ಹಿರಿಯ ಮಕ್ಕಳನ್ನು ರೋಮಿಗೆ ಸಾಗಹಾಕಿಸಿದಳು. ಬಳಿಕ ತಾಯಿ ಮಗ ಕೂಡಿ, ಕ್ರಿ. ಪೂ. 2ರಲ್ಲಿ, ಅವನನ್ನೇ ಮುಗಿಸಿದರು. ಇಷ್ಟೂ ಸಾಲದೆಂಬಂತೆ, ಆ ತಾಯಿಮಗನ ನಡುವೆ ಸಲ್ಲದ ಸಂಬಂಧವಿತ್ತೆಂದು ಜನ ಆಡಿಕೊಂಡರಂತೆ.

ಜೊಸೀಫಸ್ ಇದನ್ನು ಬರೆದದ್ದು ಸುಮಾರು 90 ವರ್ಷಗಳ ಅನಂತರ ಎಂಬುದನ್ನು ಮರೆಯಬೇಡಿ. ಆ ಕಾಲದಲ್ಲೇ ಬದುಕಿದ್ದ ಸ್ಟ್ರಾಬೊ ಬೇರೆ ಕಾರಣ ಕೊಡುತ್ತಾನೆ: ರಾಜವಂಶದವನೊಬ್ಬನ ಆಸರೆಯಿಲ್ಲದೆ ಯಾವ ದಂಗೆಯೂ ಗೆಲ್ಲದೆಂದು ತಿಳಿದಿದ್ದ ಫ್ರಾತೇಸ್, ತನ್ನ ರಕ್ಷಣೆಗಾಗಿ ತಾನೇ ನಾಲ್ಕು ಮಂದಿ ಮಕ್ಕಳನ್ನು ದೂರವಿಟ್ಟನಂತೆ. ತನ್ನ ಶಾಸನದಲ್ಲಿ ಈ ಒತ್ತೆಯಾಳುಗಳ ವಿಚಾರವನ್ನು ಹೆಮ್ಮೆಯಿಂದ ಕೆತ್ತಿಸಿದ ಅಗಸ್ಟಸನೂ ಮೂಸಾಳ ಹೆಸರೆತ್ತುವುದಿಲ್ಲ. ಇನ್ನು ಕೊಲೆಯ ಮಾತು. ಈ ನಾಲ್ಕನೆಯ ಫ್ರಾತೇಸನೇ ತಂದೆಯನ್ನೂ ಒಡಹುಟ್ಟಿದವರನ್ನೂ ಕೊಂದು ಪಟ್ಟಕ್ಕೆ ಬಂದವನು. ಆ ಮನೆಗೆ ವಿಷವನ್ನು ಇಟಲಿಯಿಂದ ತರಿಸಬೇಕಾಗಿರಲಿಲ್ಲ!

ನಾಣ್ಯವಾದರೋ ಅವಳ ಕಾಲದ್ದು, ಅವಳ ಆಸ್ಥಾನದ್ದು. ಅದು ಅವಳನ್ನು ರಾಣಿ ಎನ್ನುತ್ತದೆ, ದೇವಿ ಎನ್ನುತ್ತದೆ. ಮಗನ ಹೆಂಡತಿ ಎನ್ನುವುದಿಲ್ಲ. ರಾಜಮಾತೆಗೂ ರಾಣಿಯೆಂಬ ಬಿರುದು ಸಲ್ಲುತ್ತದೆ. ನಾಣ್ಯವೂ ಪಕ್ಷಪಾತಿಯೇ, ಒಪ್ಪೋಣ. ಅಚ್ಚು ಕೊರೆದವನು ಅರಮನೆಯ ಆಳು. ಆದರೂ ಊರ ಮಾತನ್ನು ನಂಬಿ ಈ ಬೆಳ್ಳಿಯ ಮಾತನ್ನು ತಳ್ಳಿಹಾಕುವುದು ನನಗೆ ನ್ಯಾಯವೆಂದು ತೋರುವುದಿಲ್ಲ.

ಫ್ರಾತಾಕೇಸ್ ಕೈಲಾಗದವನೇನಲ್ಲ. ಸುಮಾರು ಕ್ರಿ. ಶ. 1ರಲ್ಲಿ ಯೂಫ್ರಟಿಸ್ ನದಿಯ ನಡುಗಡ್ಡೆಯೊಂದರಲ್ಲಿ ಅಗಸ್ಟಸನ ಮೊಮ್ಮಗ ಗಾಯಸನೊಡನೆ ಸರಿಸಮನಾಗಿ ಸಂಧಿ ಮಾಡಿಕೊಂಡನು. ಎರಡು ದಡಗಳಲ್ಲಿಯೂ ಸೈನ್ಯ ನಿಂತಿತ್ತು. ರೋಮಿನ ಪಡೆಯಲ್ಲಿದ್ದ ವೆಲ್ಲಿಯಸ್ ಎಂಬ ತರುಣ ಆ ನೋಟವನ್ನು ಕಣ್ಣಾರೆ ಕಂಡು ಬರೆದಿಟ್ಟನು. ತಾಯಿಯ ಮುಖ ನಾಣ್ಯಕ್ಕೆ ಬಂದದ್ದು ಅದಾದ ಮೇಲೆ, ಸುಮಾರು ಕ್ರಿ. ಶ. 2ರ ಹೊತ್ತಿಗೆ. ಎರಡೇ ವರ್ಷಗಳಲ್ಲಿ, ಕ್ರಿ. ಶ. 4ರಲ್ಲಿ, ಪಾರ್ಥಿಯದ ಸರದಾರರು ದಂಗೆಯೆದ್ದು ಅವನನ್ನು ಓಡಿಸಿದರು.

ಕೆಲವು ವರ್ಷಗಳಲ್ಲಿ ಆ ಸರದಾರರೇ, ಹಿಂದೆ ರೋಮಿಗೆ ಹೋಗಿದ್ದ ಮಕ್ಕಳಲ್ಲಿ ಒಬ್ಬನಾದ ವೊನೋನೇಸನನ್ನು ಅರಸನಾಗೆಂದು ಕರೆಸಿಕೊಂಡರು. ಬೇಟೆಯೊಲ್ಲದ, ಪಲ್ಲಕ್ಕಿಯಲ್ಲಿ ತಿರುಗುವ ಈ ಅರಸ ಅವರಿಗೆ ಹಿಡಿಸಲಿಲ್ಲ. ಅವನ ದ್ರಾಖ್ಮದ ಹಿಂಬದಿಯಲ್ಲಿ ಮೂಸಾ ಇಲ್ಲ. ರೆಕ್ಕೆಯುಳ್ಳ ವಿಜಯದೇವತೆಯೂ, ಆರ್ತಬಾನನನ್ನು ಗೆದ್ದೆನೆಂಬ ಬರೆಹವೂ ಇವೆ. ಅದೇ ಆರ್ತಬಾನ ಬೇಗನೆ ಅವನನ್ನು ಓಡಿಸಿದನು. ಬಿಲ್ಲಿನ ವೀರ ತನ್ನ ಹಳೆಯ ಜಾಗಕ್ಕೆ ಮರಳಿ ಬಂದು ಕುಳಿತನು.